ತರಬೇತುದಾರನ ಸ್ವಭಾವವನ್ನು ಅಳೆಯಬಹುದೇ?

ಕಾದ ನೀರಿನ ಉಷ್ಣತೆಯನ್ನು ತಿಳಿಯಲು ನಮಗೆ ಉಷ್ಣಮಾಪಕವಿದೆ. ವಾತಾವರಣದ ಒತ್ತಡವನ್ನು ತಿಳಿಯಲು ವಾಯುಭಾರಮಾಪಕವಿದೆ. ಆದರೆ ಒಬ್ಬ ಮನುಷ್ಯನ ಸ್ವಭಾವದ ಬಿಸಿ ಎಷ್ಟೆಂಬುದನ್ನು ಹೇಳುವ ಉಪಕರಣವು ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ. ‘ಆ ಮೇಷ್ಟರು ಬಹಳ ಶಾಂತರು’, ‘ಈ ಮೇಷ್ಟರು ಮುಂಗೋಪಿಗಳು’ ಎಂದು ನಾವು ನಿತ್ಯವೂ ಆಡಿಕೊಳ್ಳುತ್ತೇವೆ. ಈ ಮಾತುಗಳಿಗೆ ಆಧಾರವಾಗಿರುವುದು ಅಳತೆಯಲ್ಲ, ನಮ್ಮ ಮನಸ್ಸಿನ ಮೇಲೆ ಬಿದ್ದ ಮುದ್ರೆಯಷ್ಟೇ.

ಇದು ಕೇವಲ ಕುತೂಹಲದ ವಿಷಯವಲ್ಲ. ಕಲಿಸುವವರ ಸ್ವಭಾವವು ಕಲಿಯುವವರ ಬಾಳನ್ನು ತಿದ್ದಬಲ್ಲುದು, ಕೆಡಿಸಲೂ ಬಲ್ಲುದು. ‘ದಂಡಂ ದಶಗುಣಂ’ ಎಂಬ ಹಳೆಯ ನಂಬಿಕೆಯು ನಮ್ಮ ಶಾಲೆಗಳಿಂದಲೂ ಆಟದ ಬಯಲುಗಳಿಂದಲೂ ಇನ್ನೂ ಪೂರ್ತಿಯಾಗಿ ಮರೆಯಾಗಿಲ್ಲ. ಇದಕ್ಕೆ ಎದುರಾಗಿ, ತಪ್ಪನ್ನು ಎತ್ತಿ ಆಡದೆ ಸದಾ ಹೊಗಳುತ್ತಿದ್ದರೆ ಸಾಕು, ಕಲಿಕೆ ತಾನಾಗಿಯೇ ಬರುತ್ತದೆ ಎಂಬ ಹೊಸ ನಂಬಿಕೆಯೂ ಹುಟ್ಟಿಕೊಂಡಿದೆ. ಈ ಎರಡರಲ್ಲಿ ಯಾವುದು ಸರಿ? ಅಥವಾ ಎರಡೂ ತಪ್ಪೇ? ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದಕ್ಕೆ ಸಾಕ್ಷ್ಯವೆಲ್ಲಿದೆ?

ಇಂತಹ ಸಾಕ್ಷ್ಯವನ್ನು ಹುಡುಕಲು ಆಟದ ಬಯಲು ಒಳ್ಳೆಯ ಪ್ರಯೋಗಶಾಲೆ. ಅಲ್ಲಿ ಪ್ರತಿಯೊಂದು ಯತ್ನದ ಫಲವೂ ಅಂಕಿಗಳಲ್ಲಿ ದಾಖಲಾಗುತ್ತದೆ. ಅದರಲ್ಲಿಯೂ ಬ್ಯಾಸ್ಕೆಟ್‌ಬಾಲ್ ಆಟವು ನಮ್ಮ ಕೆಲಸಕ್ಕೆ ಬಹಳ ಅನುಕೂಲವಾದುದು. ಕಣದಲ್ಲಿರುವವರು ಒಂದು ಪಕ್ಷಕ್ಕೆ ಐದೇ ಮಂದಿ, ಕಣವೂ ಚಿಕ್ಕದು, ಅಂಚಿನಲ್ಲಿ ಕುಳಿತ ತರಬೇತುದಾರನ ದನಿ ಪ್ರತಿಯೊಬ್ಬ ಆಟಗಾರನ ಕಿವಿಗೂ ಮುಟ್ಟುತ್ತದೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಈ ಆಟವನ್ನು ಕಲ್ಪಿಸಿದ ಜೇಮ್ಸ್ ನೈಸ್ಮಿತ್ ಮುಂದೆ ಕ್ಯಾನ್ಸಾಸ್ ವಿಶ್ವವಿದ್ಯಾನಿಲಯದ ತಂಡಕ್ಕೆ ತರಬೇತುದಾರನಾದನು. ಅಲ್ಲಿ ಆತನ ತಂಡವು ಗೆದ್ದ ಪಂದ್ಯಗಳು 55, ಸೋತ ಪಂದ್ಯಗಳು 60. ಆಟವನ್ನು ಕಂಡುಹಿಡಿಯುವುದೇ ಬೇರೆ, ಆಡಿಸುವುದೇ ಬೇರೆ ಎಂಬುದು ಇದರಿಂದ ಮೊದಲಲ್ಲಿಯೇ ತಿಳಿದಂತಾಯಿತು.

ಇಬ್ಬರು ತರಬೇತುದಾರರು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನ ಇತಿಹಾಸದಲ್ಲಿ ಜಾನ್ ವುಡನ್ ಎಂಬ ಹೆಸರು ಅಗ್ರಸ್ಥಾನದಲ್ಲಿದೆ. ಆತನು 1910ರಲ್ಲಿ ಇಂಡಿಯಾನ ಪ್ರಾಂತದಲ್ಲಿ ಹುಟ್ಟಿದನು; ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಓದಿ, ಆಡಿ, ತರುವಾಯ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಉಪಾಧ್ಯಾಯನಾಗಿ ಕೆಲಸಮಾಡಿದನು. 1948ರಲ್ಲಿ ಲಾಸ್ ಏಂಜಲೀಸ್ ನಗರದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ತಂಡವನ್ನು ವಹಿಸಿಕೊಂಡನು. ಅಲ್ಲಿಂದ ಮುಂದೆ ಹದಿನೈದು ಋತುಗಳು ಕಳೆದರೂ ರಾಷ್ಟ್ರೀಯ ಪ್ರಶಸ್ತಿ ಆತನ ಕೈಗೆ ಬರಲಿಲ್ಲ. ಹದಿನಾರನೆಯ ಋತುವಿನಲ್ಲಿ, ಎಂದರೆ 1964ರಲ್ಲಿ, ಮೊದಲ ಪ್ರಶಸ್ತಿ ಬಂದಿತು. ಅದಾದಮೇಲೆ 1975ರಲ್ಲಿ ನಿವೃತ್ತನಾಗುವವರೆಗಿನ ಹನ್ನೆರಡು ವರ್ಷಗಳಲ್ಲಿ ಹತ್ತು ಸಲ ಆ ಪ್ರಶಸ್ತಿಯನ್ನು ಆತನ ತಂಡವೇ ಪಡೆಯಿತು. 1971ರಿಂದ 1974ರವರೆಗೆ ಒಂದೂ ಸೋಲಿಲ್ಲದೆ ಸತತವಾಗಿ 88 ಪಂದ್ಯಗಳನ್ನು ಗೆದ್ದಿತು. 1974ರ ಜನವರಿ 19ರಂದು ನೋಟರ್ ಡೇಮ್ ತಂಡವು 71–70ರಿಂದ ಈ ಸರಣಿಯನ್ನು ಮುರಿಯಿತು. ಆಟ ಮುಗಿಯಲು ನಾಲ್ಕು ನಿಮಿಷಕ್ಕೂ ಕಡಿಮೆ ಉಳಿದಿದ್ದಾಗ ವುಡನ್ನನ ತಂಡವು ಹನ್ನೊಂದು ಅಂಕಗಳಷ್ಟು ಮುಂದಿದ್ದು, ಕೊನೆಯ ಹನ್ನೆರಡು ಅಂಕಗಳನ್ನೂ ಎದುರಾಳಿಗಳಿಗೆ ಬಿಟ್ಟುಕೊಟ್ಟಿತು!

ಪಂದ್ಯ ನಡೆಯುವಾಗ ಸುರುಳಿ ಸುತ್ತಿದ ಕಾರ್ಯಕ್ರಮ ಪತ್ರಿಕೆಯೊಂದನ್ನು ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕುಳಿತಿರುವುದು ಆತನ ಪದ್ಧತಿ. ಅವಾಚ್ಯ ಶಬ್ದಗಳನ್ನು ತಾನೂ ಆಡುತ್ತಿರಲಿಲ್ಲ, ಆಟಗಾರರೂ ಆಡಕೂಡದು. ಹೊತ್ತಿಗೆ ಸರಿಯಾಗಿ ಬರಬೇಕು. ಜೊತೆಯ ಆಟಗಾರನನ್ನು ಹಳಿಯಬಾರದು. ಋತುವಿನ ಮೊದಲ ದಿನ ಆತನು ಹೇಳಿಕೊಡುತ್ತಿದ್ದ ಪಾಠವು ಚೆಂಡಿನದಲ್ಲ. ಕಾಲುಚೀಲವನ್ನು ಸುಕ್ಕಿಲ್ಲದಂತೆ ಹಾಕಿಕೊಳ್ಳುವುದು ಹೇಗೆ, ಬೂಟಿನ ದಾರವನ್ನು ಬಿಗಿಯುವುದು ಹೇಗೆ ಎಂಬುದು! ಸುಕ್ಕು ಇದ್ದರೆ ಬೊಬ್ಬೆ ಏಳುತ್ತದೆ. ಬೊಬ್ಬೆ ಎದ್ದವನು ಓಡಲಾರ.

ಇನ್ನೊಬ್ಬ ತರಬೇತುದಾರ ಬಾಬ್ ನೈಟ್. 1971ರಿಂದ 2000ದವರೆಗೆ ಇಂಡಿಯಾನ ವಿಶ್ವವಿದ್ಯಾನಿಲಯದ ತಂಡವನ್ನು ನಡೆಸಿದವನು. 1976ರಲ್ಲಿ ಆತನ ತಂಡವು ಆಡಿದ 32 ಪಂದ್ಯಗಳನ್ನೂ ಗೆದ್ದು ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆಯಿತು. 1981ರಲ್ಲಿಯೂ 1987ರಲ್ಲಿಯೂ ಅದು ಮತ್ತೆ ಬಂದಿತು. ಆತನ ಸಿಟ್ಟು ಮಾತ್ರ ಲೋಕಪ್ರಸಿದ್ಧ. 1985ರ ಫೆಬ್ರವರಿಯಲ್ಲಿ ಪರ್ಡ್ಯೂ ತಂಡದೊಡನೆ ಪಂದ್ಯ ನಡೆಯುತ್ತಿದ್ದಾಗ, ತೀರ್ಪಿನ ಮೇಲೆ ಕೋಪಗೊಂಡು ಕುರ್ಚಿಯೊಂದನ್ನೆತ್ತಿ ಕಣದ ಅಡ್ಡಗಲಕ್ಕೆ ಎಸೆದನು. ಆಟಗಾರರೊಡನೆ ಆತನು ನಡೆದುಕೊಳ್ಳುವ ರೀತಿಯ ಬಗೆಗೆ ದೂರುಗಳು ಬಂದು, ಕಡೆಗೆ 2000ದಲ್ಲಿ ವಿಶ್ವವಿದ್ಯಾನಿಲಯವು ಆತನನ್ನು ಆ ಹುದ್ದೆಯಿಂದ ತೆಗೆಯಿತು.

ಶಾಂತನೂ ಗೆದ್ದನು, ಕೋಪಿಷ್ಠನೂ ಗೆದ್ದನು. ಹೀಗಿರಲು ಗೆಲವಿನ ಪಟ್ಟಿಯನ್ನು ಮಾತ್ರ ನೋಡಿ ಯಾವ ಸ್ವಭಾವ ಮೇಲೆಂದು ತೀರ್ಮಾನಿಸುವುದು ಸಾಧ್ಯವಿಲ್ಲ. ಎರಡೇ ಉದಾಹರಣೆಗಳಿಂದ ನಿಯಮವನ್ನು ಕಟ್ಟುವುದು ಭೌತವಿಜ್ಞಾನದಲ್ಲಿ ಹೇಗೆ ಸಲ್ಲದೋ ಇಲ್ಲಿಯೂ ಹಾಗೆಯೇ. ನಾವು ತರಬೇತಿಯ ಒಳಹೊಕ್ಕು ನೋಡಬೇಕು.

ಮಾತುಗಳ ಎಣಿಕೆ

ಹಾಗೆ ಒಳಹೊಕ್ಕು ನೋಡಿದವರು ರೋಲಂಡ್ ಥಾರ್ಪ್ ಮತ್ತು ರೊನಾಲ್ಡ್ ಗ್ಯಾಲಿಮೋರ್ ಎಂಬ ಇಬ್ಬರು ಮನೋವಿಜ್ಞಾನಿಗಳು. ಹವಾಯಿ ದ್ವೀಪಗಳ ಮೂಲನಿವಾಸಿಗಳ ಮಕ್ಕಳಿಗೆ ಓದನ್ನು ಚೆನ್ನಾಗಿ ಕಲಿಸುವ ದಾರಿಯನ್ನು ಅವರು ಹುಡುಕುತ್ತಿದ್ದರು. ಅದಕ್ಕಾಗಿ ನಿಸ್ಸಂದೇಹವಾಗಿ ಸಮರ್ಥನೆನಿಸಿದ ಶಿಕ್ಷಕನೊಬ್ಬನನ್ನು ಹತ್ತಿರದಿಂದ ನೋಡಬೇಕೆಂದು ವುಡನ್ನನನ್ನು ಆರಿಸಿಕೊಂಡರು. 1974–75ರ ಋತುವಿನಲ್ಲಿ, ಅದೇ ಆತನ ಕಡೆಯ ಋತು, ಹದಿನೈದು ಅಭ್ಯಾಸಗಳ ಕಾಲದಲ್ಲಿ ಮೈದಾನದ ಬದಿಯಲ್ಲಿ ಕುಳಿತು, ಆತನ ಪ್ರತಿಯೊಂದು ಮಾತನ್ನೂ ಸನ್ನೆಯನ್ನೂ ವರ್ಗಗಳಾಗಿ ವಿಂಗಡಿಸಿ ಗುರುತುಹಾಕಿಕೊಂಡರು. ಒಟ್ಟು 2,326 ಬೋಧನ ಕ್ರಿಯೆಗಳು ಲೆಕ್ಕಕ್ಕೆ ಸಿಕ್ಕಿದವು. ಈ ಎಣಿಕೆಯ ಫಲವು 1976ರಲ್ಲಿ ಪ್ರಕಟವಾಯಿತು.

ಆ ಕಾಲದ ಮನೋವಿಜ್ಞಾನದಲ್ಲಿ ಹೊಗಳಿಕೆಗೆ ದೊಡ್ಡ ಸ್ಥಾನವಿದ್ದಿತು. ಆದುದರಿಂದ ಒಳ್ಳೆಯ ಶಿಕ್ಷಕನ ಬಾಯಿಂದ ಹೊಗಳಿಕೆ ಧಾರಾಳವಾಗಿ ಬರಬೇಕೆಂಬುದು ಸಹಜವಾದ ನಿರೀಕ್ಷೆ. ಎಣಿಕೆಯು ಹೇಳಿದ್ದೇ ಬೇರೆ. ವುಡನ್ನನ ಮಾತುಗಳಲ್ಲಿ ಹೊಗಳಿಕೆಯ ಪಾಲು ನೂರಕ್ಕೆ 6.9, ಎಂದರೆ ಸುಮಾರು 160 ಸಲ ಮಾತ್ರ. ಬರಿಯ ಗದರಿಕೆಯ ಪಾಲು ನೂರಕ್ಕೆ 6.6, ಇದೂ ಅಷ್ಟೇ ಕಡಿಮೆ. ಹಾಗಾದರೆ ಉಳಿದುದೇನು? ನೂರಕ್ಕೆ 50.3ರಷ್ಟು, ಎಂದರೆ ಅರ್ಧಕ್ಕಿಂತ ತುಸು ಹೆಚ್ಚು, ಸರಳವಾದ ಸೂಚನೆಗಳು: ಏನು ಮಾಡಬೇಕು, ಹೇಗೆ ಮಾಡಬೇಕು. ನೂರಕ್ಕೆ 12.7ರಷ್ಟು, ಹಿಂದೆ ಕಲಿಸಿದ್ದನ್ನು ಇನ್ನೂ ಚುರುಕಾಗಿ ಮಾಡುವಂತೆ ಹುರಿದುಂಬಿಸುವ ಮಾತುಗಳು. ಒಟ್ಟಿನಲ್ಲಿ ಹೇಳುವುದಾದರೆ, ನೂರರಲ್ಲಿ ಸುಮಾರು 75 ಕ್ರಿಯೆಗಳು ಆಟಗಾರನಿಗೆ ಉಪಯುಕ್ತವಾದ ಮಾಹಿತಿಯನ್ನು ಹೊತ್ತು ತರುತ್ತಿದ್ದವು. ದೀರ್ಘವಾದ ಉಪನ್ಯಾಸಗಳಿರಲಿಲ್ಲ. ಮಾತುಗಳು ಚಿಕ್ಕವು, ಬಿಡಿಬಿಡಿಯಾದವು. ಕೆಲಸದ ನಡುವೆಯೇ ಬಂದು ಕೆಲಸಕ್ಕೇ ತಗಲುವಂತಹವು.

ಇನ್ನೊಂದು ವರ್ಗವು ನಮ್ಮ ಗಮನಕ್ಕೆ ಅತ್ಯಂತ ಯೋಗ್ಯವಾದುದು. ನೂರಕ್ಕೆ 8ರಷ್ಟು ಸಲ ವುಡನ್ ಗದರಿದೊಡನೆಯೇ, ಉಸಿರು ಬಿಡುವುದರೊಳಗೆ, ಸರಿಯಾದ ಕ್ರಮವನ್ನು ಮತ್ತೆ ಹೇಳುತ್ತಿದ್ದನು. ಕೆಲವು ಸಲ ಸರಿಯಾದ ಚಲನೆಯನ್ನು ಮಾಡಿ ತೋರಿಸಿ, ಆಟಗಾರನು ಮಾಡಿದ ತಪ್ಪನ್ನು ಅನುಕರಿಸಿ, ಮರಳಿ ಸರಿಯಾದುದನ್ನೇ ತೋರಿಸುತ್ತಿದ್ದನು. ಈ ಮೂರೂ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತಿದ್ದವು. ಕಡೆಗೆ ಕಣ್ಣಿನಲ್ಲಿ ಉಳಿಯುವ ಚಿತ್ರ ತಪ್ಪಿನದಲ್ಲ, ಒಪ್ಪಿನದು.

ಈಗ ಒಂದು ಚಿಕ್ಕ ಲೆಕ್ಕ. ಬರಿಯ ಗದರಿಕೆ 6.6, ತಿದ್ದುಪಡಿಯೊಡನೆ ಬಂದ ಗದರಿಕೆ 8; ಎರಡೂ ಸೇರಿ 14.6. ಇದು ಹೊಗಳಿಕೆಯ ಎರಡರಷ್ಟಕ್ಕೂ ಮೀರುತ್ತದೆ. ಅಂದರೆ ಶಾಂತನೆಂದು ಹೆಸರಾದ ವುಡನ್ ಏಳು ಮಾತುಗಳಿಗೊಮ್ಮೆ ತನ್ನ ಅಸಮಾಧಾನವನ್ನು ತೋರಿಸುತ್ತಿದ್ದನು! ಶಾಂತತೆಯೆಂದರೆ ತಪ್ಪನ್ನು ಕಂಡೂ ಸುಮ್ಮನಿರುವುದಲ್ಲ. ಉಗಿಯಂತ್ರದಲ್ಲಿ ಎಷ್ಟು ಉಷ್ಣ ಹುಟ್ಟಿತೆಂಬುದು ಒಂದು ಪ್ರಶ್ನೆ. ಅದರಲ್ಲಿ ಎಷ್ಟು ಭಾಗ ಚಕ್ರವನ್ನು ತಿರುಗಿಸಿತೆಂಬುದು ಇನ್ನೊಂದು ಪ್ರಶ್ನೆ. ವುಡನ್ನನ ಅಸಮಾಧಾನದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ತಿದ್ದುವ ಕೆಲಸವಾಗಿ ಮಾರ್ಪಡುತ್ತಿದ್ದಿತು.

ಇದಕ್ಕೆ ಬೇಕಾದ ಸಿದ್ಧತೆ ಮೈದಾನದ ಹೊರಗೆ ನಡೆಯುತ್ತಿತ್ತು. ಪ್ರತಿದಿನವೂ ಆತನು ಸಹಾಯಕರೊಡನೆ ಕುಳಿತು ಅಂದಿನ ಅಭ್ಯಾಸವನ್ನು ನಿಮಿಷ ನಿಮಿಷಕ್ಕೆ ಗೊತ್ತುಮಾಡಿ, ಚಿಕ್ಕ ಚೀಟಿಗಳ ಮೇಲೆ ಬರೆದುಕೊಳ್ಳುತ್ತಿದ್ದನು. ಮುಂದೇನು ಹೇಳಬೇಕೆಂಬುದು ತಿಳಿದಿರುವವನಿಗೆ ಬರಿಯ ಕೂಗಾಟದ ಅಗತ್ಯ ಬಹಳವಾಗಿ ಬೀಳುವುದಿಲ್ಲ.

ಬೈಗುಳ ಫಲಿಸಿದಂತೆ ಏಕೆ ಕಾಣುತ್ತದೆ?

‘ಆದರೆ ಬೈದಾಗಲೆಲ್ಲ ಹುಡುಗರು ಸುಧಾರಿಸುವುದನ್ನೂ, ಹೊಗಳಿದಾಗಲೆಲ್ಲ ಇಳಿಮುಖವಾಗುವುದನ್ನೂ ನಾವು ಕಣ್ಣಾರೆ ಕಂಡಿದ್ದೇವೆ’ ಎಂದು ಅನೇಕ ಶಿಕ್ಷಕರು ಹೇಳುವುದುಂಟು. ಅವರು ಕಂಡದ್ದು ಸುಳ್ಳಲ್ಲ. ಅದಕ್ಕೆ ಅವರು ಕೊಡುವ ಕಾರಣ ಮಾತ್ರ ಸಂದೇಹಾಸ್ಪದ.

ಒಬ್ಬ ಆಟಗಾರನನ್ನು ಕಲ್ಪಿಸಿಕೊಳ್ಳೋಣ. ಫ್ರೀ ಥ್ರೋ ಎಂಬ ತಡೆಯಿಲ್ಲದ ಎಸೆತದಲ್ಲಿ ಆತನ ದೀರ್ಘಕಾಲದ ಸಾಮರ್ಥ್ಯ ಹತ್ತಕ್ಕೆ ಏಳು. ಹಾಗೆಂದು ಪ್ರತಿ ಹತ್ತು ಎಸೆತಗಳಲ್ಲಿಯೂ ಕರಾರುವಾಕ್ಕಾಗಿ ಏಳೇ ಬುಟ್ಟಿಗೆ ಬೀಳುವುದಿಲ್ಲ; ಆಕಸ್ಮಿಕಗಳಿಂದ ಹೆಚ್ಚು ಕಡಿಮೆಯಾಗುತ್ತದೆ. ಸಂಭಾವ್ಯತೆಯ ಲೆಕ್ಕದ ಪ್ರಕಾರ ಇಂತಹ ನೂರು ಸರದಿಗಳಲ್ಲಿ ಸುಮಾರು 5 ಸರದಿಗಳಲ್ಲಿ ಆತನಿಗೆ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಸಿಕ್ಕುತ್ತವೆ. ಸುಮಾರು 3 ಸರದಿಗಳಲ್ಲಿ ಹತ್ತಕ್ಕೆ ಹತ್ತೂ ಬೀಳುತ್ತವೆ. ನಾಲ್ಕೇ ಬಿದ್ದ ದಿನ ತರಬೇತುದಾರನು ಬೈಯುತ್ತಾನೆ. ಮುಂದಿನ ಸರದಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ಬೀಳುವ ಸಂಭವ ನೂರಕ್ಕೆ 95. ಹತ್ತೂ ಬಿದ್ದ ದಿನ ಹೊಗಳುತ್ತಾನೆ. ಮುಂದಿನ ಸರದಿಯಲ್ಲಿ ಹತ್ತಕ್ಕಿಂತ ಕಡಿಮೆಯಾಗುವ ಸಂಭವ ನೂರಕ್ಕೆ 97. ಆತನು ಬಾಯಿಯನ್ನೇ ತೆರೆಯದಿದ್ದರೂ ಇದು ಹೀಗೆಯೇ ಆಗುತ್ತಿತ್ತು! ಆದರೆ ಆತನ ಕಣ್ಣಿಗೆ ಬೈಗುಳ ಫಲಿಸಿತು, ಹೊಗಳಿಕೆ ಕೆಡಿಸಿತು.

ಅತಿಯಾದ ಫಲಿತಾಂಶದ ಬೆನ್ನಿಗೆ ಸಾಧಾರಣವಾದ ಫಲಿತಾಂಶ ಬರುವ ಈ ಪ್ರವೃತ್ತಿಯನ್ನು ‘ಸರಾಸರಿಗೆ ಮರಳುವಿಕೆ’ ಎನ್ನುತ್ತಾರೆ. ತಂದೆತಾಯಿಗಳ ಎತ್ತರವನ್ನು ಮಕ್ಕಳ ಎತ್ತರದೊಡನೆ ಹೋಲಿಸಿ 1886ರಲ್ಲಿ ಇದನ್ನು ವಿವರಿಸಿದವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. ಬೈಗುಳ ಹೊಗಳಿಕೆಗಳಿಗೆ ಇದರ ಸಂಬಂಧವನ್ನು ಗುರುತಿಸಿದವನು, ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವನ್ನು ಪಡೆದ ಮನೋವಿಜ್ಞಾನಿ ಡೇನಿಯಲ್ ಕಾನ್‌ಮನ್. 1960ರ ದಶಕದಲ್ಲಿ ಇಸ್ರೇಲಿನ ವಿಮಾನಚಾಲಕರ ಶಿಕ್ಷಕರಿಗೆ ಹೊಗಳಿಕೆಯ ಗುಣವನ್ನು ಆತನು ತಿಳಿಸುತ್ತಿದ್ದಾಗ, ಅನುಭವಿಯೊಬ್ಬನು ಎದ್ದು, ತನ್ನ ಅನುಭವ ಇದಕ್ಕೆ ತೀರ ವಿರುದ್ಧವೆಂದನು. ಕಾನ್‌ಮನ್ ನೆಲದ ಮೇಲೆ ಒಂದು ಗುರಿಯನ್ನು ಬರೆದು, ಪ್ರತಿಯೊಬ್ಬನಿಂದಲೂ ಬೆನ್ನ ಹಿಂದಕ್ಕೆ, ನೋಡದೆ, ಎರಡೆರಡು ಸಲ ನಾಣ್ಯಗಳನ್ನು ಎಸೆಯಿಸಿದನು. ಮೊದಲ ಸಲ ಗುರಿಯ ಸಮೀಪಕ್ಕೆ ಎಸೆದವರಲ್ಲಿ ಬಹುಮಂದಿ ಎರಡನೆಯ ಸಲ ದೂರವಾದರು. ದೂರ ಎಸೆದವರಲ್ಲಿ ಬಹುಮಂದಿ ಸಮೀಪಕ್ಕೆ ಬಂದರು. ಅಲ್ಲಿ ಯಾರನ್ನೂ ಹೊಗಳಿರಲಿಲ್ಲ, ಯಾರನ್ನೂ ಬೈದಿರಲಿಲ್ಲ.

ವಾಚಕರು ಇದನ್ನು ತಮ್ಮ ತರಗತಿಯಲ್ಲಿಯೇ ಪರೀಕ್ಷಿಸಬಹುದು. ಐವತ್ತು ಮಂದಿ ವಿದ್ಯಾರ್ಥಿಗಳು ತಲೆಗೆ ಹತ್ತು ಸಲದಂತೆ ನಾಣ್ಯವನ್ನು ಚಿಮ್ಮಲಿ. ಸಿಂಹದ ಮುಖ ಮೂರು ಸಲ ಅಥವಾ ಅದಕ್ಕಿಂತ ಕಡಿಮೆ ಬಿದ್ದವರು ಎಂಟು ಒಂಬತ್ತು ಮಂದಿ ಇರುತ್ತಾರೆ. ಅವರ ನಾಣ್ಯಗಳನ್ನು ಎಲ್ಲರ ಎದುರಿಗೆ ಚೆನ್ನಾಗಿ ಗದರಿಸಿ, ಮತ್ತೆ ಚಿಮ್ಮಿಸಿರಿ. ಅವರಲ್ಲಿ ಏಳು ಮಂದಿಯಾದರೂ ಈ ಸಲ ಮೂರನ್ನು ದಾಟುವ ನಿರೀಕ್ಷೆಯಿದೆ. ನಾಣ್ಯಗಳಿಗೆ ಬುದ್ಧಿ ಬಂದಿತೆಂದು ಯಾರೂ ನಂಬಲಾರರು. ಹುಡುಗರ ವಿಷಯದಲ್ಲಿ ಮಾತ್ರ ನಾವು ಅಷ್ಟು ಸುಲಭವಾಗಿ ಏಕೆ ನಂಬಬೇಕು?

ಪ್ರಯೋಗದ ತೀರ್ಪು

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಬೈಗುಳಕ್ಕೆ ಯಾವ ಪರಿಣಾಮವೂ ಇಲ್ಲವೆಂದು ಈ ಲೆಕ್ಕವು ಸಾಧಿಸುವುದಿಲ್ಲ. ಬೈಯುವ ಮೊದಲನ್ನೂ ಬೈದ ನಂತರವನ್ನೂ ಹೋಲಿಸಿ ನೋಡುವುದು ಸಾಕ್ಷ್ಯವಾಗಲಾರದೆಂದಷ್ಟೇ ತಿಳಿಸುತ್ತದೆ. ಸಾಕ್ಷ್ಯ ಬೇಕಾದರೆ ಇನ್ನೂ ಜಾಗರೂಕವಾದ ಪರಿಶೀಲನೆ ಬೇಕು.

2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೈಸ್ಕೂಲು ಮತ್ತು ಕಾಲೇಜುಗಳ 23 ಬ್ಯಾಸ್ಕೆಟ್‌ಬಾಲ್ ತಂಡಗಳ ತರಬೇತುದಾರರು ಪಂದ್ಯದ ನಡುವಿನ ವಿರಾಮದಲ್ಲಿ ಆಡಿದ 304 ಭಾಷಣಗಳನ್ನು ಪರೀಕ್ಷಿಸಲಾಯಿತು. ಬ್ಯಾರಿ ಸ್ಟಾ ಮತ್ತು ಸಂಗಡಿಗರು ಕಂಡದ್ದೇನೆಂದರೆ, ಭಾಷಣದಲ್ಲಿ ಅಸಮಾಧಾನವು ಒಂದು ಮಿತಿಯವರೆಗೆ ಏರಿದಂತೆ ಆಟದ ಉತ್ತರಾರ್ಧವೂ ಉತ್ತಮವಾಗುತ್ತಿತ್ತು; ಆ ಮಿತಿಯನ್ನು ದಾಟಿದ ಮೇಲೆ ಕೆಡುತ್ತಿತ್ತು. ಅಂತೂ ಕೋಪವು ಅಡುಗೆಯ ಉಪ್ಪಿನಂತಹ ವಸ್ತು. ಆದರೆ ಇದು ಒಂದು ಪಂದ್ಯದ ಅರ್ಧದ ಮಾತು. ಋತುಗಳು ಉರುಳಿದ ಮೇಲೆ ಆಟಗಾರನ ಗತಿಯೇನು?

ಈ ಪ್ರಶ್ನೆಗೆ ಬೇಸ್‌ಬಾಲ್ ಆಡುವ ಚಿಕ್ಕ ಹುಡುಗರ ತಂಡಗಳಲ್ಲಿ ಉತ್ತರ ದೊರೆತಿದೆ. ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ರೊನಾಲ್ಡ್ ಸ್ಮಿತ್, ಫ್ರಾಂಕ್ ಸ್ಮಾಲ್ ಮೊದಲಾದವರು 31 ತರಬೇತುದಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ, ತಪ್ಪಾದಾಗ ಹಂಗಿಸದೆ ಧೈರ್ಯ ಹೇಳಿ ತಿದ್ದುವ ಕ್ರಮವನ್ನು ಕಲಿಸಿದರು. 1979ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಗೆಲವು ಸೋಲುಗಳಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸವಿರಲಿಲ್ಲ. ಆದರೆ ಕಲಿತ ತರಬೇತುದಾರರ ಕೈಕೆಳಗಿನ ಹುಡುಗರು ತಮ್ಮ ಗುರುವನ್ನೂ ಸಂಗಡಿಗರನ್ನೂ ಹೆಚ್ಚು ಮೆಚ್ಚಿದ್ದರು. ತನ್ನ ಬಗೆಗೆ ತನಗೇ ನಂಬಿಕೆ ಕಡಿಮೆಯಿದ್ದ ಹುಡುಗನಿಗೆ ಅದರಿಂದ ವಿಶೇಷ ಲಾಭವಾಗಿದ್ದಿತು. 1992ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಮರುವರ್ಷದ ಹಾಜರಿಯನ್ನು ನೋಡಿದರು. ಸಾಮಾನ್ಯ ತರಬೇತುದಾರರಲ್ಲಿ ಆಡಿದವರ ಪೈಕಿ ನೂರಕ್ಕೆ 26 ಮಂದಿ ಆಟವನ್ನೇ ಬಿಟ್ಟಿದ್ದರು. ಈ ಕ್ರಮವನ್ನು ಕಲಿತ ತರಬೇತುದಾರರಲ್ಲಿ ಬಿಟ್ಟವರು ನೂರಕ್ಕೆ 5.

ಗೆಲವಿನ ಪಟ್ಟಿಯಲ್ಲಿ ಕಾಣದ ನಷ್ಟ ಇದೇ. ಕೋಪಿಷ್ಠನ ತಂಡವೂ ಗೆಲ್ಲಬಹುದು. ಆದರೆ ಮನನೊಂದು ಹೊರಟುಹೋದವನ ಹೆಸರು ಯಾವ ಅಂಕಪಟ್ಟಿಯಲ್ಲಿಯೂ ಇರುವುದಿಲ್ಲ. ಪಾಠಶಾಲೆಯ ಗಣಿತಕ್ಕೂ ಭೌತವಿಜ್ಞಾನಕ್ಕೂ ಈ ಮಾತು ಸಲ್ಲುತ್ತದೆಯೆಂದು ನಾವು ಭಾವಿಸುತ್ತೇವೆ.

ಎಣಿಕೆಗೆ ಸಿಕ್ಕದುದು

ಅಳೆಯಬಹುದಾದುದನ್ನು ಅಳೆದ ಮೇಲೆಯೂ ಕೆಲವು ಉಳಿಯುತ್ತವೆ. 1947ರಲ್ಲಿ ವುಡನ್ ಇಂಡಿಯಾನದ ಅಧ್ಯಾಪಕರ ಕಾಲೇಜಿನ ತಂಡವನ್ನು ನಡೆಸುತ್ತಿದ್ದನು. ಆ ತಂಡಕ್ಕೆ ರಾಷ್ಟ್ರೀಯ ಸ್ಪರ್ಧೆಯೊಂದರ ಆಹ್ವಾನ ಬಂದಿತು. ಆದರೆ ಕರಿಯ ಜನಾಂಗದ ಆಟಗಾರರಿಗೆ ಅಲ್ಲಿ ಪ್ರವೇಶವಿರಲಿಲ್ಲ. ವುಡನ್ನನ ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಅಂತಹ ಆಟಗಾರನಿದ್ದನು. ಆತನು ಮುಖ್ಯ ಐವರಲ್ಲಿ ಒಬ್ಬನೂ ಅಲ್ಲ. ಆದಾಗ್ಯೂ ವುಡನ್ ಆಹ್ವಾನವನ್ನು ನಿರಾಕರಿಸಿದನು. ಮರುವರ್ಷ ಆ ನಿಯಮವು ಹೋಯಿತು; ವಾಕರ್ ಆ ಸ್ಪರ್ಧೆಯಲ್ಲಿ ಆಡಿದ ಮೊದಲ ಕರಿಯ ಆಟಗಾರನಾದನು. ಈ ನಿರಾಕರಣೆಯನ್ನು ಯಾವ ವರ್ಗದಲ್ಲಿ ಎಣಿಸೋಣ? ಅದು ಹೊಗಳಿಕೆಯಲ್ಲ, ಗದರಿಕೆಯಲ್ಲ. ಆದರೂ ತಮ್ಮ ಗುರು ಎಂತಹವನೆಂದು ಆಟಗಾರರಿಗೆ ಅದು ತಿಳಿಸಿರಬೇಕು. ಅಂತಹವನ ಗದರಿಕೆಯನ್ನು ಅವಮಾನವೆಂದು ಎಣಿಸುವುದು ಕಷ್ಟ.

ನಮ್ಮ ವಾಚಕರಲ್ಲಿ ಹಲವರು ಇಂದು ತಂಡದ ನಾಯಕರಾಗಿದ್ದೀರಿ. ನಾಳೆ ಶಿಕ್ಷಕರೂ ತಂದೆತಾಯಿಗಳೂ ಆಗುವಿರಿ. ಒಂದು ಸಂಜೆಯ ಅಭ್ಯಾಸದಲ್ಲಿ ಗೆಳೆಯನೊಬ್ಬನ ಕೈಗೆ ಕಾಗದವನ್ನು ಕೊಟ್ಟು, ನೀವು ಆಡುವ ಮಾತುಗಳನ್ನು ನಾಲ್ಕು ಸಾಲುಗಳಲ್ಲಿ ಗುರುತುಹಾಕಲು ಹೇಳಿರಿ: ಸೂಚನೆ, ಹೊಗಳಿಕೆ, ಬರಿಯ ಗದರಿಕೆ, ತಿದ್ದುಪಡಿಯೊಡನೆ ಬಂದ ಗದರಿಕೆ. ಅಭ್ಯಾಸ ಮುಗಿದ ಮೇಲೆ ಕೂಡಿ ನೋಡಿರಿ. ಮೂರನೆಯ ಸಾಲು ಉದ್ದವಾಗಿದ್ದರೆ ಗಾಬರಿಪಡಬೇಕಾದುದಿಲ್ಲ. ಅದರಲ್ಲಿರುವ ಒಂದೊಂದು ಮಾತಿಗೂ ‘ಹೀಗೆ ಮಾಡು’ ಎಂಬ ಇನ್ನೊಂದು ಮಾತನ್ನು ಜೋಡಿಸುವುದನ್ನು ಮರುದಿನದಿಂದ ಕಲಿತರಾಯಿತು.